ತಿಮ್ಮಯ್ಯ ಮತ್ತು ಥೋರಾತ್: ಒಂದು ಸೈನಿಕ ಸ್ನೇಹದ ಇತಿಹಾಸ

ಸೈನ್ಯದಲ್ಲಿರುವವರ ಬಾಯಲ್ಲಿ 'ಕೋರ್ಸ್‌ಮೇಟ್' ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಕಾಡೆಮಿಯಲ್ಲಿ ಜೊತೆಯಾಗಿ ತರಬೇತಿ ಪಡೆದವರು ಎಂಬುದು ಅದರ ಅರ್ಥ. ಆದರೆ ಆ ಮಾತನ್ನು ಹೇಳುವಾಗ ಅವರ ಮುಖದಲ್ಲಿ ಮೂಡುವ ಭಾವವನ್ನು ನಮ್ಮ 'ಸಹಪಾಠಿ' ಎಂಬ ಪದ ಪೂರ್ತಿಯಾಗಿ ಹೇಳಲಾರದು. ಶಾಲೆಯ ಸಹಪಾಠಿಗಳು ಪರೀಕ್ಷೆ ಮುಗಿದ ಮೇಲೆ ದಿಕ್ಕಿಗೊಬ್ಬರಾಗಿ ಚದುರಿಹೋಗುತ್ತಾರೆ. ಸೈನಿಕ ಅಕಾಡೆಮಿಯ ಗೆಳೆಯರೂ ಚದುರುವುದುಂಟು. ಆದರೆ ಅವರ ವೃತ್ತಿ ಅವರನ್ನು ಮತ್ತೆ ಮತ್ತೆ ಒಂದೆಡೆ ತಂದು ನಿಲ್ಲಿಸುತ್ತದೆ: ಒಮ್ಮೆ ರಣರಂಗದಲ್ಲಿ, ಒಮ್ಮೆ ಪರದೇಶದಲ್ಲಿ, ಮತ್ತೊಮ್ಮೆ ಬಡ್ತಿಯ ಪಟ್ಟಿಯಲ್ಲಿ. ಸ್ನೇಹಕ್ಕೆ ನಿಜವಾದ ಪರೀಕ್ಷೆ ಒದಗುವುದು ಬಹುಶಃ ಈ ಮೂರನೆಯ ಎಡೆಯಲ್ಲಿಯೇ.

ನನ್ನ ಸೇವಾವಧಿಯ ಬಹುಭಾಗ ಕೊಡಗಿನಲ್ಲಿ ಕಳೆಯಿತೆಂಬುದು ನಿಮಗೆಲ್ಲ ತಿಳಿದದ್ದೇ. ನನ್ನ ಬಳಿ ಇತಿಹಾಸ ಓದಿದ ಹುಡುಗರಲ್ಲಿ ಹಲವರು ಸೈನ್ಯ ಸೇರಿದ್ದಾರೆ. ಜನರಲ್ ತಿಮ್ಮಯ್ಯನವರ ಮಾತು ಬಂದಾಗಲೆಲ್ಲ ಅವರಲ್ಲಿ ಯಾರಾದರೊಬ್ಬರು ಒಂದು ಪ್ರಶ್ನೆ ಕೇಳುವುದುಂಟು: ತಿಮ್ಮಯ್ಯನವರು 1961ರಲ್ಲಿ ನಿವೃತ್ತರಾಗುವಾಗ ತಮ್ಮ ಹಳೆಯ ಗೆಳೆಯರನ್ನೇ ಸೇನಾ ಮುಖ್ಯಸ್ಥರನ್ನಾಗಿ ಮಾಡಬೇಕೆಂದು ಶಿಫಾರಸು ಮಾಡಿದರಲ್ಲ, ಅದು ಪಕ್ಷಪಾತವಲ್ಲವೇ? ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೊಡಬೇಕಾದರೆ ಆ ಸ್ನೇಹದ ಕಥೆಯನ್ನು ಮೊದಲಿನಿಂದಲೇ ಹೇಳಬೇಕಾಗುತ್ತದೆ. ಆ ಗೆಳೆಯರ ಹೆಸರು ಶಂಕರರಾವ್ ಪಾಂಡುರಂಗ ಪಾಟೀಲ ಥೋರಾತ್. ನಮ್ಮ ನಾಡಿನಲ್ಲಿ ತಿಮ್ಮಯ್ಯನವರ ಹೆಸರು ಬಲ್ಲವರು ಬಹಳ. ಥೋರಾತರ ಹೆಸರು ಬಲ್ಲವರು ವಿರಳ.

ಇಬ್ಬರೂ ಹುಟ್ಟಿದ್ದು 1906ರಲ್ಲಿ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಮಾರ್ಚ್ 31ರಂದು ಮಡಿಕೇರಿಯಲ್ಲಿ, ಥೋರಾತರು ಆಗಸ್ಟ್ ತಿಂಗಳಲ್ಲಿ ಕೊಲ್ಲಾಪುರ ಸೀಮೆಯ ವಡಗಾಂವದಲ್ಲಿ. ಕೊಡಗು ಆಗ ಬ್ರಿಟಿಷರ ನೇರ ಆಳ್ವಿಕೆಗೆ ಒಳಪಟ್ಟಿದ್ದ ಪುಟ್ಟ ಪ್ರಾಂತ. ಕೊಲ್ಲಾಪುರ ಮರಾಠಾ ಅರಸರ ಸಂಸ್ಥಾನ. ನಮ್ಮ ನಿಪ್ಪಾಣಿಯಿಂದ ಹೊರಟರೆ ಕೊಲ್ಲಾಪುರ ಇಂದು ಒಂದು ಗಂಟೆಯ ದಾರಿ. ಕುಶಾಲನಗರದಿಂದ ನಿಪ್ಪಾಣಿಯವರೆಗಿನ ನಾಡು ಅಂದು ಹತ್ತಾರು ಆಡಳಿತಗಳಲ್ಲಿ ಹಂಚಿಹೋಗಿತ್ತು. ಅದರ ಎರಡು ತುದಿಗಳಿಗೆ ಸೇರಿದ ಈ ಬಾಲಕರನ್ನು ಒಂದುಗೂಡಿಸಿದ್ದು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿದ್ದ ರಾಯಲ್ ಮಿಲಿಟರಿ ಕಾಲೇಜು.

ಸ್ಯಾಂಡ್‌ಹರ್ಸ್ಟಿಗೆ ಹೋಗುವುದೆಂದರೆ ಏನೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಮೊದಲ ಮಹಾಯುದ್ಧದವರೆಗೆ ಭಾರತೀಯನೊಬ್ಬ ಸೈನ್ಯದಲ್ಲಿ ಏರಬಹುದಾದ ಎತ್ತರಕ್ಕೆ ಮಿತಿಯಿತ್ತು. ಜಮಾದಾರ, ಸುಬೇದಾರ, ಹೆಚ್ಚೆಂದರೆ ಸುಬೇದಾರ್ ಮೇಜರ್, ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷ ದುಡಿದ ಸುಬೇದಾರ್ ಮೇಜರ್ ಕೂಡ ನಿನ್ನೆ ಹಡಗಿನಿಂದಿಳಿದ ಬಿಳಿಯ ಲೆಫ್ಟಿನೆಂಟನಿಗೆ ಸೆಲ್ಯೂಟ್ ಹೊಡೆಯಬೇಕಾಗಿತ್ತು. ಯುದ್ಧದಲ್ಲಿ ಭಾರತೀಯರು ಸುರಿಸಿದ ರಕ್ತಕ್ಕೆ ಪ್ರತಿಯಾಗಿ ಬಾಗಿಲು ಸ್ವಲ್ಪ ತೆರೆಯಿತು. ವರ್ಷಕ್ಕೆ ಹತ್ತು ಮಂದಿ ಭಾರತೀಯರಿಗೆ ಸ್ಯಾಂಡ್‌ಹರ್ಸ್ಟಿನಲ್ಲಿ ಸ್ಥಾನ ದೊರೆಯಿತು. ಅದಕ್ಕೆ ಹುಡುಗರನ್ನು ಸಿದ್ಧಗೊಳಿಸಲು 1922ರಲ್ಲಿ ಡೆಹ್ರಾಡೂನಿನಲ್ಲಿ ಒಂದು ಸೈನಿಕ ಶಾಲೆ ಆರಂಭವಾಯಿತು. ಕೂನೂರಿನಲ್ಲಿಯೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ಓದಿದ್ದ ತಿಮ್ಮಯ್ಯನವರು ಆ ಶಾಲೆಯ ಆರಂಭದ ವಿದ್ಯಾರ್ಥಿಗಳಲ್ಲಿ ಒಬ್ಬರು.

ನೂರಾರು ಬಿಳಿಯ ಕೆಡೆಟ್‌ಗಳ ನಡುವೆ ಬೆರಳೆಣಿಕೆಯ ಭಾರತೀಯರು. ಚಳಿ, ಪರಭಾಷೆ, ಪರಕೀಯ ಊಟ, ಎಲ್ಲಕ್ಕಿಂತ ಮಿಗಿಲಾಗಿ 'ಇವರಿಂದ ಆದೀತೇ' ಎಂಬ ಸಂಶಯದ ಕಣ್ಣು. ಇಂತಹ ಕಡೆ ಒಬ್ಬನು ತಪ್ಪಿದರೆ ಅದು ಅವನೊಬ್ಬನ ತಪ್ಪಾಗಿ ಉಳಿಯುತ್ತಿರಲಿಲ್ಲ. ಇಡೀ ದೇಶದವರ ಅಯೋಗ್ಯತೆಗೆ ಸಾಕ್ಷಿಯಾಗುತ್ತಿತ್ತು. ಆದುದರಿಂದ ಅಲ್ಲಿ ಬೆಳೆದ ಸ್ನೇಹ ಬರಿಯ ವಯೋಸಹಜ ಸಲುಗೆಯಾಗಿರಲಿಲ್ಲ. ಒಬ್ಬನ ಯಶಸ್ಸು ಇನ್ನೊಬ್ಬನಿಗೆ ಬೇಕಾಗಿತ್ತು.

1926ರಲ್ಲಿ ಇಬ್ಬರೂ ಅಧಿಕಾರಿಗಳಾಗಿ ಹೊರಬಂದರು. ಬಂದೊಡನೆ ಇನ್ನೊಂದು ತಡೆಗೋಡೆ ಎದುರಾಯಿತು. 1923ರಲ್ಲಿ ಸರ್ಕಾರ ಒಂದು ಯೋಜನೆಯನ್ನು ಪ್ರಕಟಿಸಿತ್ತು. ಭಾರತೀಯ ಅಧಿಕಾರಿಗಳನ್ನು ಆಯ್ದ ಎಂಟು ಪಡೆಗಳಿಗೆ ಮಾತ್ರ ಕಳುಹಿಸುವುದು. ಹೊರನೋಟಕ್ಕೆ ಇದು ಸೈನ್ಯದ ಭಾರತೀಕರಣ. ಒಳಗಿನ ಕಾರಣ, ಬಿಳಿಯ ಅಧಿಕಾರಿಯೊಬ್ಬ ಭಾರತೀಯನ ಕೈಕೆಳಗೆ ದುಡಿಯುವ ಪ್ರಸಂಗ ಬರಬಾರದೆಂಬುದು. ತಿಮ್ಮಯ್ಯನವರು ಸೇರಿದ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಬೆಟಾಲಿಯನ್ ಆ ಎಂಟರಲ್ಲಿ ಒಂದು (ಈ ರೆಜಿಮೆಂಟೇ ಮುಂದೆ ಕುಮಾವೂಂ ರೆಜಿಮೆಂಟ್ ಆಯಿತು). ಥೋರಾತರು ಸೇರಿದ 14ನೆಯ ಪಂಜಾಬ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಇನ್ನೊಂದು. ಥೋರಾತರ ಬೆಟಾಲಿಯನ್ನಿಗೇ ತುಸುಕಾಲದ ನಂತರ ಬಂದು ಸೇರಿದ ಇನ್ನೊಬ್ಬ ಸ್ಯಾಂಡ್‌ಹರ್ಸ್ಟ್ ಪದವೀಧರರು ಅಯೂಬ್ ಖಾನ್. ಮುಂದೆ ಪಾಕಿಸ್ತಾನದ ಅಧ್ಯಕ್ಷರಾದವರು ಇವರೇ. 1947ರಲ್ಲಿ ಪಂಜಾಬಿನ ಗಡಿಯಲ್ಲಿ ಶಾಂತಿ ಕಾಯಲು ನೇಮಕವಾದ ಪಡೆಯಲ್ಲಿ ಭಾರತದ ಪರವಾಗಿ ಸಲಹೆಗಾರರಾಗಿದ್ದವರಲ್ಲಿ ತಿಮ್ಮಯ್ಯನವರೂ, ಪಾಕಿಸ್ತಾನದ ಪರವಾಗಿದ್ದವರಲ್ಲಿ ಅಯೂಬರೂ ಇದ್ದರು. ಒಂದೇ ಮೆಸ್ಸಿನಲ್ಲಿ ಉಂಡವರ ನಡುವೆ ದೇಶದ ಗಡಿಯೇ ಎದ್ದು ನಿಂತ ಕಾಲವದು. ಅಕಾಡೆಮಿಯ ಸ್ನೇಹಗಳೆಲ್ಲ ಬಾಳಲಿಲ್ಲ. ಬಾಳಿದವುಗಳ ಬೆಲೆ ಅದರಿಂದಲೇ ಹೆಚ್ಚು.

ಹತ್ತೊಂಬತ್ತು ವರ್ಷಗಳ ಬಳಿಕ, 1945ರ ಜನವರಿಯಲ್ಲಿ, ಇಬ್ಬರೂ ಬರ್ಮಾದ ಅರಕಾನ್ ಕರಾವಳಿಯ ಕಂಗಾವ್ ಎಂಬಲ್ಲಿ ಕೂಡಿದರು. ಹಿಂದೆಗೆಯುತ್ತಿದ್ದ ಜಪಾನೀ ಸೈನ್ಯದ ದಾರಿ ಆ ಹಳ್ಳಿಯ ಬಳಿ ಹಾದುಹೋಗುತ್ತಿತ್ತು. ಅದನ್ನು ಕಡಿದುಹಾಕುವುದು ಉದ್ದೇಶ. ಕಾಂಡ್ಲಾ ಗಿಡಗಳ ಕೆಸರು, ಭರತದ ನೀರು ಏರಿಳಿಯುವ ಹೊಳೆಕಾಲುವೆಗಳು, ಅವುಗಳಾಚೆ ಶತ್ರು ಬೀಡುಬಿಟ್ಟ ಗುಡ್ಡಗಳು. ಅಲ್ಲಿ ಹೋರಾಡಿದ 51ನೆಯ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳ ನಾಯಕರೂ ಭಾರತೀಯರಾಗಿದ್ದರು. ಹೈದರಾಬಾದ್ ರೆಜಿಮೆಂಟಿನ ಎಂಟನೆಯ ಬೆಟಾಲಿಯನ್ನಿಗೆ ತಿಮ್ಮಯ್ಯ, ಪಂಜಾಬ್ ರೆಜಿಮೆಂಟೊಂದರ ಬೆಟಾಲಿಯನ್ನಿಗೆ ಥೋರಾತ್, ಬಲೂಚ್ ರೆಜಿಮೆಂಟಿನ ಬೆಟಾಲಿಯನ್ನಿಗೆ ಎಲ್. ಪಿ. ಸೇನ್. ಭಾರತೀಯರು ಯುದ್ಧದಲ್ಲಿ ಪಡೆ ನಡೆಸಬಲ್ಲರೇ ಎಂಬ ಕಾಲು ಶತಮಾನದ ಪ್ರಶ್ನೆಗೆ ಆ ಗುಡ್ಡಗಳ ಮೇಲೆ ಉತ್ತರ ದೊರೆಯಿತು. ಮೂವರಿಗೂ ಡಿ.ಎಸ್.ಓ. ಎಂಬ ಉನ್ನತ ಶೌರ್ಯಪ್ರಶಸ್ತಿ ಸಂದಿತು. ಅನತಿಕಾಲದಲ್ಲಿಯೇ ತಿಮ್ಮಯ್ಯನವರು 36ನೆಯ ಬ್ರಿಗೇಡಿನ ನಾಯಕರಾದರು. ರಣರಂಗದಲ್ಲಿ ಬ್ರಿಗೇಡನ್ನು ನಡೆಸಿದ ಮೊದಲ ಭಾರತೀಯರು ಅವರು.

1948ರ ನವೆಂಬರ್ 1ರಂದು ತಿಮ್ಮಯ್ಯನವರು ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿ ತೆರೆದ ಕಥೆಯನ್ನು ತರಗತಿಯಲ್ಲಿ ನೀವು ಕೇಳಿದ್ದೀರಿ. ಅದನ್ನಿಲ್ಲಿ ವಿಸ್ತರಿಸುವುದಿಲ್ಲ. ಇಬ್ಬರೂ ಹೆಗಲೆಣೆಯಾಗಿ ದುಡಿದ ಇನ್ನೊಂದು ಪ್ರಸಂಗ, ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಕಾಣಸಿಗದ ಕೊರಿಯಾದ ಪ್ರಸಂಗವನ್ನು ಹೇಳಬೇಕು.

1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮವಾಯಿತು. ಆದರೆ ವಿಶ್ವಸಂಸ್ಥೆಯ ಪಡೆಗಳ ಕೈಯಲ್ಲಿದ್ದ ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳಲ್ಲಿ 22,000ಕ್ಕೂ ಹೆಚ್ಚು ಮಂದಿ ತಮ್ಮ ದೇಶಕ್ಕೆ ಮರಳಲು ಒಲ್ಲೆನೆಂದರು. ಉತ್ತರದವರ ವಶದಲ್ಲಿಯೂ ಮರಳಲೊಲ್ಲದ 359 ಮಂದಿಯಿದ್ದರು. ಇವರ ನಿಜವಾದ ಇಚ್ಛೆಯೇನೆಂದು ತಿಳಿಯಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು: ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ, ಭಾರತ. ಮೊದಲ ಎರಡು ಒಂದು ಕಡೆಯವು, ಮುಂದಿನ ಎರಡು ಇನ್ನೊಂದು ಕಡೆಯವು. ತಕ್ಕಡಿಯ ಮುಳ್ಳು ಭಾರತ. ಆಯೋಗದ ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯಲು ಹೋದ ಸಾವಿರಾರು ಸೈನಿಕರ ಭಾರತೀಯ ಕಾವಲು ಪಡೆಯ ನಾಯಕರು ಥೋರಾತ್.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ಭಾರತದ ಮೇಲೆ ಎಷ್ಟು ಕೋಪವಿತ್ತೆಂದರೆ, ನಮ್ಮ ಸೈನಿಕರು ತಮ್ಮ ನೆಲವನ್ನು ತುಳಿಯಕೂಡದೆಂದರು. ಆದ್ದರಿಂದ ಹಡಗಿನಲ್ಲಿ ಬಂದವರನ್ನು ಹೆಲಿಕಾಪ್ಟರುಗಳಲ್ಲಿ ಎತ್ತಿ ಗಡಿಯ ನಿಸ್ಸೇನಾ ವಲಯದಲ್ಲಿ ಇಳಿಸಬೇಕಾಯಿತು. ಕೈದಿಗಳ ಬಿಡಾರಗಳಲ್ಲಿಯೂ ಪರಿಸ್ಥಿತಿ ಸುಲಭದ್ದಾಗಿರಲಿಲ್ಲ. ಒಳಗೆ ಸಂಘಟಿತ ಗುಂಪುಗಳಿದ್ದವು. ಊರಿಗೆ ಮರಳಬೇಕೆಂದು ಬಯಸಿದವನು ಅದನ್ನು ಬಾಯಿಬಿಟ್ಟು ಹೇಳಲು ಹೆದರುತ್ತಿದ್ದನು. ಸೆಪ್ಟೆಂಬರ್ 25ರಂದು ಕಮ್ಯುನಿಸ್ಟ್ ವಿರೋಧಿ ಚೀನೀ ಕೈದಿಗಳು ಭಾರತೀಯ ಮೇಜರ್ ಒಬ್ಬರನ್ನು ತಮ್ಮ ಬಿಡಾರದೊಳಕ್ಕೆ ಎಳೆದುಕೊಂಡು ಹೋದರು. ಹೊರಗೆ ಬಂದೂಕು ಹಿಡಿದ ಪಡೆ ಸಿದ್ಧವಾಗಿಯೇ ಇತ್ತು. ಒಂದು ಆಜ್ಞೆ ಸಾಕಾಗಿತ್ತು, ರಕ್ತದ ಹೊಳೆ ಹರಿದು ಆಯೋಗದ ಕೆಲಸವೇ ಅಲ್ಲಿಗೆ ಮುಗಿಯುತ್ತಿತ್ತು. ಥೋರಾತರು ಆ ಆಜ್ಞೆ ಕೊಡಲಿಲ್ಲ. ಕೆಲವೇ ಜನರೊಂದಿಗೆ ಆ ಕೆರಳಿದ ಗುಂಪಿನ ನಡುವೆ ತಾವೇ ಹೊಕ್ಕರು. ಚೀನೀಯರ ಅತಿಥಿಸತ್ಕಾರ ಲೋಕಪ್ರಸಿದ್ಧವೆಂದು ಕೇಳಿದ್ದೆ, ಇಲ್ಲಿ ಒಂದು ಲೋಟ ಚಹವನ್ನೂ ಕೊಡುವವರಿಲ್ಲವಲ್ಲ ಎಂಬರ್ಥದ ಮಾತನ್ನಾಡಿ ಅವರನ್ನು ನಗಿಸಿದರಂತೆ. ನಗು ಬಂದ ಮೇಲೆ ಮಾತುಕತೆಗೆ ಎಡೆಯಾಯಿತು. ಮೇಜರ್ ಸುರಕ್ಷಿತವಾಗಿ ಹೊರಬಂದರು. ಕೊರಿಯಾದ ಸೇವೆಗಾಗಿ ಥೋರಾತರಿಗೆ ದ್ವಿತೀಯ ದರ್ಜೆಯ ಅಶೋಕ ಚಕ್ರ ದೊರೆಯಿತು. ಇಂದು ಅದನ್ನು ಕೀರ್ತಿ ಚಕ್ರ ಎನ್ನುತ್ತೇವೆ. ತಿಮ್ಮಯ್ಯನವರಿಗೆ 1954ರಲ್ಲಿ ಪದ್ಮಭೂಷಣ ಸಂದಿತು.

ಈ ಪ್ರಸಂಗವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಆಯೋಗದ ಕುರ್ಚಿಯಲ್ಲಿ ಕುಳಿತ ತಿಮ್ಮಯ್ಯನವರ ಮಾತಿಗೆ ಬೆಲೆ ಉಳಿಯಬೇಕಾದರೆ ಬೇಲಿಯ ಬಳಿ ನಿಂತ ಥೋರಾತರ ಸೈನಿಕರು ತಾಳ್ಮೆಗೆಡದೆ ಇರಬೇಕಾಗಿತ್ತು. ಎಷ್ಟೋ ತಿಂಗಳ ಕಾಲ, ಎರಡು ಬಣಗಳ ಬೈಗುಳದ ನಡುವೆ, ಅದು ನಡೆಯಿತು. 1954ರ ಜನವರಿಯಲ್ಲಿ ಕೈದಿಗಳನ್ನು ಅವರವರ ಹಿಂದಿನ ವಶದಾರರಿಗೆ ಮರಳಿಸಿ ನಮ್ಮವರು ಹೊರಟರು. ಎರಡು ಬಣಗಳನ್ನೂ ಒಲ್ಲೆನೆಂದ ಕೆಲವು ಕೈದಿಗಳು ಅವರೊಂದಿಗೆ ಭಾರತಕ್ಕೇ ಬಂದರು. ತಿಮ್ಮಯ್ಯನವರು ಈ ಅನುಭವವನ್ನು ಬರೆದಿಟ್ಟಿದ್ದರು. ಆ ಪುಸ್ತಕ ಅವರ ನಿಧನಾನಂತರ ಪ್ರಕಟವಾಯಿತು. ಬಾಲ್ಯಸ್ನೇಹದ ಸವಿನೆನಪಿನಿಂದಲ್ಲದೆ, ಇಂತಹ ದಿನಗಳಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ಕಣ್ಣಾರೆ ಕಂಡು ತಿಮ್ಮಯ್ಯನವರು ಥೋರಾತರನ್ನು ಅರಿತಿದ್ದರು.

1957ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾದರು. ಥೋರಾತರು ಲಖನೌದಲ್ಲಿದ್ದ ಪೂರ್ವ ಕಮಾಂಡಿನ ದಂಡನಾಯಕರು. ರಕ್ಷಣಾ ಸಚಿವರು ವಿ. ಕೆ. ಕೃಷ್ಣ ಮೆನನ್. ಬಡ್ತಿಯ ವಿಷಯದಲ್ಲಿಯೂ, ಸೈನ್ಯದ ಸಿದ್ಧತೆಯ ವಿಷಯದಲ್ಲಿಯೂ ಮುಖ್ಯಸ್ಥರಿಗೂ ಸಚಿವರಿಗೂ ಹೊಂದಿಕೆಯಾಗಲಿಲ್ಲ. 1959ರ ಆಗಸ್ಟ್ 31ರಂದು ತಿಮ್ಮಯ್ಯನವರು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಅವರ ಒತ್ತಾಯಕ್ಕೆ ಮಣಿದು ಹಿಂತೆಗೆದುಕೊಂಡರು. ಎರಡು ದಿನಗಳಲ್ಲಿ ನೆಹರೂ ಅವರು ಸಂಸತ್ತಿನಲ್ಲಿ ಮಾತನಾಡಿ, ಸೈನ್ಯಕ್ಕಿಂತ ನಾಗರಿಕ ಸರ್ಕಾರವೇ ಮೇಲೆಂದು ಸಾರಿ, ಜನರಲ್ಲರ ನಡೆಯನ್ನು ಆಕ್ಷೇಪಿಸಿದರು. ತತ್ತ್ವದ ದೃಷ್ಟಿಯಿಂದ ನೆಹರೂ ಹೇಳಿದ್ದು ಸರಿಯೇ. ನೆರೆಹೊರೆಯ ದೇಶಗಳ ಇತಿಹಾಸ ನೋಡಿದರೆ ಅದು ತಿಳಿಯುತ್ತದೆ. ಆದರೆ ರಾಜೀನಾಮೆಯನ್ನು ಹಿಂತೆಗೆಸಿದ ಬಳಿಕ ಆಡಿದ ಆ ಮಾತಿನಿಂದ ತಿಮ್ಮಯ್ಯನವರ ಸ್ಥಾನ ದುರ್ಬಲವಾಯಿತೆಂಬುದೂ ನಿಜ.

ಆ ಹೊತ್ತಿಗೆ ಈಶಾನ್ಯದ ಗಡಿ ಬಿಸಿಯೇರಿತ್ತು. 1959ರ ಆಗಸ್ಟಿನಲ್ಲಿ ಲೊಂಗ್ಜುವಿನಲ್ಲಿ ಚೀನೀಯರೊಡನೆ ಗುಂಡಿನ ಚಕಮಕಿ ನಡೆದಿತ್ತು. ನೇಫಾ, ಅಂದರೆ ಇಂದಿನ ಅರುಣಾಚಲ ಪ್ರದೇಶದ ರಕ್ಷಣೆ ಥೋರಾತರ ಪಾಲಿಗೆ ಬಂದಿತು. ಅವರು ಅಕ್ಟೋಬರಿನಲ್ಲಿ ಒಂದು ವಿಸ್ತೃತ ವರದಿ ಸಿದ್ಧಪಡಿಸಿದರು. ಅದರ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು. ರಸ್ತೆಯಿಲ್ಲದ ಗಡಿಯ ತುದಿಯಲ್ಲಿ ಸಣ್ಣ ಸಣ್ಣ ಠಾಣೆಗಳನ್ನಿಟ್ಟು ಶತ್ರುವನ್ನು ತಡೆಯಲಾಗದು. ಅವು ಎಚ್ಚರಿಕೆ ಕೊಡಲು ಮಾತ್ರ ಸಾಕು. ನಮ್ಮ ಅನ್ನ, ಮದ್ದುಗುಂಡು ತಲುಪುವಂತಹ ಒಳಸಾಲಿನಲ್ಲಿ, ಬೊಮ್ಡಿಲಾದಂತಹ ಎಡೆಗಳಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಶತ್ರು ಅಲ್ಲಿಯವರೆಗೆ ಬರುವಷ್ಟರಲ್ಲಿ ಅವನ ಸರಬರಾಜಿನ ದಾರಿ ಉದ್ದವಾಗಿ ಅವನೇ ಬಳಲಿರುತ್ತಾನೆ. ಇದಕ್ಕೆ ಹೆಚ್ಚಿನ ಪಡೆಗಳೂ ರಸ್ತೆಗಳೂ ಬೇಕು. ತಿಮ್ಮಯ್ಯನವರು ಇದನ್ನೊಪ್ಪಿ ರಕ್ಷಣಾ ಸಚಿವರ ಮುಂದಿಟ್ಟರು. ಚೀನಾದೊಡನೆ ಯುದ್ಧವಾಗುವ ಸಂಭವವೇ ಇಲ್ಲವೆಂಬ ನಂಬಿಕೆಯಲ್ಲಿ ಅದು ಬದಿಗೆ ಸರಿಯಿತು. ಥೋರಾತರು ಸುಮ್ಮನಾಗಲಿಲ್ಲ. 1960ರ ಮಾರ್ಚ್ ತಿಂಗಳಲ್ಲಿ ಲಖನೌದಲ್ಲಿ 'ಲಾಲ್ ಕಿಲಾ' ಎಂಬ ಹೆಸರಿನ ಸೇನಾ ಅಭ್ಯಾಸ ನಡೆಸಿ, ಚೀನೀಯರು ಯಾವ ದಾರಿಗಳಿಂದ ಹೇಗೆ ಬರಬಹುದೆಂದು ಹಿರಿಯ ಅಧಿಕಾರಿಗಳೆದುರು ಬಿಡಿಸಿ ತೋರಿಸಿದರು.

ಹೀಗಿರುವಾಗ 1961 ಬಂದಿತು. ತಿಮ್ಮಯ್ಯನವರು ತಮ್ಮ ಬಳಿಕ ಥೋರಾತರು ಬರಬೇಕೆಂದು ಶಿಫಾರಸು ಮಾಡಿದರು. ಸರ್ಕಾರ ಪಿ. ಎನ್. ಥಾಪರ್ ಅವರನ್ನು ನೇಮಿಸಿತು. ಥಾಪರರೂ ಸ್ಯಾಂಡ್‌ಹರ್ಸ್ಟಿನವರೇ, 1926ರಲ್ಲಿಯೇ ಅಧಿಕಾರಿಯಾದವರು, ಸೇವಾ ಹಿರಿತನದಲ್ಲಿ ಥೋರಾತರಿಗಿಂತ ತುಸು ಮುಂದೆ. ತಿಮ್ಮಯ್ಯನವರು ಮೇ ತಿಂಗಳಲ್ಲಿ ನಿವೃತ್ತರಾದರು. ಥೋರಾತರೂ ಅದೇ ವರ್ಷ ಸಮವಸ್ತ್ರ ಕಳಚಿದರು. ಪೂರ್ವ ಕಮಾಂಡಿನಲ್ಲಿ ಅವರ ಸ್ಥಾನಕ್ಕೆ ಬಂದವರು ಕಂಗಾವ್ ಕದನದ ಮೂರನೆಯ ನಾಯಕ ಎಲ್. ಪಿ. ಸೇನ್. ಮರುವರ್ಷ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿದಾಗ ಆ ಭಾರ ಹೊತ್ತವರು ಅವರೇ.

ಈಗ ಪ್ರಶ್ನೆಗೆ ಬರೋಣ: ಇದು ಪಕ್ಷಪಾತವೇ?

ಎದುರು ಪಕ್ಷದ ವಾದವನ್ನು ಮೊದಲು ಹೇಳುವುದು ಇತಿಹಾಸದ ವಿದ್ಯಾರ್ಥಿಯ ಧರ್ಮ. ಥಾಪರರು ಹಿರಿಯರಾಗಿದ್ದರು; ಸರ್ಕಾರ ಹಿರಿತನವನ್ನು ಪಾಲಿಸಿತು ಎನ್ನಬಹುದು. ನಿವೃತ್ತರಾಗುವವರ ಶಿಫಾರಸಿಗೆ ಸರ್ಕಾರ ಬದ್ಧವೂ ಅಲ್ಲ. ಆದರೆ ಹಿರಿತನವೇ ಎಲ್ಲವೂ ಆಗಿದ್ದರೆ 1957ರಲ್ಲಿ ತಿಮ್ಮಯ್ಯನವರೇ ಮುಖ್ಯಸ್ಥರಾಗುತ್ತಿರಲಿಲ್ಲ. ತಮಗಿಂತ ಹಿರಿಯರಿಬ್ಬರನ್ನು ದಾಟಿ ಅವರನ್ನು ಆರಿಸಿದ್ದು ಇದೇ ಸರ್ಕಾರ. ಅಂದರೆ ಅರ್ಹತೆ ನೋಡಿ ಆರಿಸುವ ಪದ್ಧತಿ ಆಗಲೇ ಇತ್ತು. ಮತ್ತೆ, ಚೀನಾದ ಗಡಿಯೇ ಮುಂದಿನ ದೊಡ್ಡ ಗಂಡಾಂತರವೆಂದು ತಿಮ್ಮಯ್ಯನವರು ತಿಳಿದಿದ್ದಾಗ, ಆ ಗಡಿಯನ್ನು ನಾಲ್ಕು ವರ್ಷ ಅಧ್ಯಯನ ಮಾಡಿ ಬರಹದಲ್ಲಿ ಯೋಜನೆ ಕೊಟ್ಟಿದ್ದ ದಂಡನಾಯಕರನ್ನು ಸೂಚಿಸದೆ ಇನ್ನಾರನ್ನು ಸೂಚಿಸಬೇಕಾಗಿತ್ತು? ಗೆಳೆಯನೆಂಬ ಒಂದೇ ಕಾರಣಕ್ಕೆ ಸೂಚಿಸದೆ ಬಿಟ್ಟಿದ್ದರೆ ಅದೂ ಒಂದು ಬಗೆಯ ಅನ್ಯಾಯವೇ ಆಗುತ್ತಿತ್ತು.

ಹಾಗೆಂದು ಥೋರಾತರು ಮುಖ್ಯಸ್ಥರಾಗಿದ್ದರೆ 1962ರಲ್ಲಿ ಗೆಲ್ಲುತ್ತಿದ್ದೆವೆಂದು ನಾನು ಹೇಳಲಾರೆ. ಇತಿಹಾಸದಲ್ಲಿ 'ಹಾಗಿದ್ದರೆ' ಎಂಬುದಕ್ಕೆ ಪುರಾವೆಯಿಲ್ಲ. ಬೂಟು, ಕಂಬಳಿ, ರಸ್ತೆ, ಫಿರಂಗಿ ಯಾವುದೂ ಸಾಲದಾಗಿತ್ತು. ಸ್ವತಃ ತಿಮ್ಮಯ್ಯನವರೇ ನಿವೃತ್ತಿಯ ನಂತರ 1962ರ ಜುಲೈಯಲ್ಲಿ 'ಸೆಮಿನಾರ್' ಪತ್ರಿಕೆಗೆ ಬರೆದ ಲೇಖನದಲ್ಲಿ, ಭಾರತ ಒಂಟಿಯಾಗಿ ಚೀನಾದೊಡನೆ ಪೂರ್ಣಪ್ರಮಾಣದ ಯುದ್ಧ ಮಾಡುವುದನ್ನು ಸೈನಿಕನಾಗಿ ತಾವು ಊಹಿಸಲಾರೆವೆಂದು ಹೇಳಿದ್ದರು. ನಾವು ಖಚಿತವಾಗಿ ಹೇಳಬಹುದಾದದ್ದು ಇಷ್ಟೇ: ಥೋರಾತರು ಎಚ್ಚರಿಸಿದ್ದ ಬಗೆಯಲ್ಲಿಯೇ, ಅಂದರೆ ಸರಬರಾಜು ತಲುಪದ ಮುಂಚೂಣಿಯ ಎಡೆಗಳಲ್ಲಿ ನಿಂತ ಪಡೆಗಳು ಮೊದಲು ಕುಸಿದವು; ನವೆಂಬರಿನಲ್ಲಿ ಸೇಲಾ ಮತ್ತು ಬೊಮ್ಡಿಲಾ ಎರಡೂ ಕೈಬಿಟ್ಟುಹೋದವು. ಮೆನನ್ ಹುದ್ದೆ ತೊರೆದರು, ಥಾಪರ್ ರಾಜೀನಾಮೆ ಕೊಟ್ಟರು. ನೆಹರೂ ಅವರು ಥೋರಾತರನ್ನು ಕರೆಸಿಕೊಂಡು, ಈ ವರದಿಯನ್ನು ತಮಗೇಕೆ ತೋರಿಸಿರಲಿಲ್ಲವೆಂದು ಕೇಳಿದರೆಂದೂ, ಅದಕ್ಕೆ ಉತ್ತರಿಸಬೇಕಾದವರು ಮೆನನ್ ಎಂದು ತಾವು ಹೇಳಿದೆವೆಂದೂ ಥೋರಾತರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಬಳಿಕ ರಚನೆಯಾದ ರಾಷ್ಟ್ರೀಯ ರಕ್ಷಣಾ ಮಂಡಳಿಗೆ ಗೆಳೆಯರಿಬ್ಬರನ್ನೂ ಸರ್ಕಾರ ಆಹ್ವಾನಿಸಿತು. ತಮ್ಮ ಮಾತನ್ನು ಕೇಳದವರು ಕರೆದಾಗ ಇಬ್ಬರೂ ಹೋದರು. ಹಳೆಯದನ್ನು ನೆನೆದು ಮನೆಯಲ್ಲಿ ಕೂರಲಿಲ್ಲ.

1964ರಲ್ಲಿ ತಿಮ್ಮಯ್ಯನವರು ಸೈಪ್ರಸ್ ದ್ವೀಪದಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾಗಿ ಹೋದರು. ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಆ ದ್ವೀಪದಲ್ಲಿ ಕೊರಿಯಾದ ಅನುಭವವೇ ಮತ್ತೆ ಉಪಯೋಗಕ್ಕೆ ಬಂದಿರಬೇಕು. ಅಲ್ಲಿಯೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಐವತ್ತೊಂಬತ್ತು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಥೋರಾತರು ಮಹಾರಾಷ್ಟ್ರ ಲೋಕಸೇವಾ ಆಯೋಗದ ಅಧ್ಯಕ್ಷರಾಗಿ ದುಡಿದು, ಕೊಲ್ಲಾಪುರದಲ್ಲಿ ನೆಲೆಸಿ, ಗೆಳೆಯನಿಲ್ಲದ ಇಪ್ಪತ್ತಾರು ವರ್ಷಗಳನ್ನು ಕಳೆದರು. ಎಂಬತ್ತರ ಹೊಸ್ತಿಲಲ್ಲಿ ಆತ್ಮಕಥೆ ಪ್ರಕಟಿಸಿ, 1992ರ ಆಗಸ್ಟಿನಲ್ಲಿ ಕಣ್ಮುಚ್ಚಿದರು. ಆ ಬರಹ ಇಲ್ಲದಿದ್ದರೆ ನೇಫಾ ವರದಿಯ ಕಥೆ ನಮ್ಮಂತಹ ಸಾಮಾನ್ಯ ಓದುಗರಿಗೆ ಇಷ್ಟು ವಿವರವಾಗಿ ತಿಳಿಯುತ್ತಿರಲಿಲ್ಲ.

ಮಡಿಕೇರಿಯಲ್ಲಿ ತಿಮ್ಮಯ್ಯನವರು ಹುಟ್ಟಿ ಬೆಳೆದ 'ಸನ್ನಿಸೈಡ್' ಮನೆ ಬಹುಕಾಲ ಸರ್ಕಾರಿ ಕಚೇರಿಯಾಗಿತ್ತು. 2021ರ ಫೆಬ್ರವರಿಯಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ರಜೆಯಲ್ಲಿ ಮಡಿಕೇರಿಗೆ ಹೋಗುವವರು ರಾಜಾಸೀಟು ನೋಡಿಕೊಂಡು ಹಿಂದಿರುಗದೆ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಿರಿ. ತಿಮ್ಮಯ್ಯನವರ ಕಥೆ ಹೇಳುವಾಗ ಥೋರಾತರ ಹೆಸರನ್ನೂ ಹೇಳಿರಿ. ಸೈನ್ಯದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ನನ್ನದು ಇಷ್ಟೇ ಮಾತು: ಗೆಳೆಯನ ಪರವಾಗಿ ಮಾತನಾಡುವ ಪ್ರಸಂಗ ಬಂದರೆ ಹಿಂಜರಿಯಬೇಡಿ, ಆದರೆ ಅದಕ್ಕೆ ಮೊದಲು, ಅವನು ಗೆಳೆಯನಲ್ಲದಿದ್ದರೂ ಇದೇ ಮಾತನ್ನು ಹೇಳುತ್ತಿದ್ದೆನೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಹೌದೆಂದು ಮನಸ್ಸು ಹೇಳಿದರೆ ಧೈರ್ಯವಾಗಿ ಹೇಳಿರಿ. ತಿಮ್ಮಯ್ಯನವರು ಹೇಳಿದರು. ಅವರ ಮಾತು ನಡೆಯಲಿಲ್ಲ, ಆದರೆ ಹೇಳಬೇಕಾದ ಹೊತ್ತಿನಲ್ಲಿ ಹೇಳಿದ್ದರು.